ಫೌಂಡೇಶನ್ ಹಚ್ಚಿದರೆ ಮುಖ ಬೂದಿ ಬೂದಿ: ಯಾವ ಶೇಡ್ ತಗೊಳ್ಳಲಿ?

ಪ್ರಶ್ನೆ: ನನ್ನದು ಎಣ್ಣೆಗಪ್ಪು ಬಣ್ಣ. ಅಕ್ಕನ ಮದುವೆ ಹತ್ತಿರ ಬಂತು, ಮಂಡ್ಯದಲ್ಲೇ ಛತ್ರ. ಅಂಗಡಿಯವರು ಕೊಟ್ಟ ಫೌಂಡೇಶನ್ ಹಚ್ಚಿಕೊಂಡರೆ ಮುಖಕ್ಕೆ ಬೂದಿ ಬಳಿದ ಹಾಗೆ ಕಾಣುತ್ತದೆ. ನನ್ನ ಬಣ್ಣಕ್ಕೆ ಮೇಕಪ್ಪೇ ಒಗ್ಗುವುದಿಲ್ಲವಾ? ಲಿಪ್‌ಸ್ಟಿಕ್ ಯಾವುದು ತಗೊಳ್ಳಲಿ?
– ಮದ್ದೂರಿನ ಓದುಗರು

ಒಗ್ಗದೆ ಏನು? ನಿಮಗೆ ಕೊಟ್ಟಿರುವ ಶೇಡ್ ನಿಮ್ಮದಲ್ಲ, ಅಷ್ಟೇ. "ಒಂದು ಶೇಡ್ ಲೈಟ್ ತಗೊಳ್ಳಿ ಮೇಡಂ, ಬ್ರೈಟ್ ಆಗಿ ಕಾಣ್ತೀರ" ಅಂದಿರಬೇಕು ಅವರು. ಈ ಮಾತು ಕೇಳದ ಹುಡುಗಿ ನಮ್ಮ ಕಡೆ ಇದ್ದಾಳಾ?

ನಾನೂ ಈ ಮಾತು ಕೇಳಿ ಕೆಟ್ಟವಳೇ. ಸೋದರತ್ತೆ ಮಗಳ ಮದುವೆಗೆ ಅಂತ ಮೈಸೂರಿನಲ್ಲಿ ಒಂದು ಪಾರ್ಲರಿಗೆ ಹೋಗಿ ಮುಖ ಕೊಟ್ಟು ಕೂತೆ. ಅಲ್ಲಿನ ಕನ್ನಡಿಯಲ್ಲಿ ಚೆನ್ನಾಗಿಯೇ ಇತ್ತು. ಛತ್ರದ ಬಾಗಿಲಲ್ಲಿ ಬಿಸಿಲು ಬಿತ್ತು ನೋಡಿ, ನಮ್ಮ ದೊಡ್ಡಮ್ಮ ಅಷ್ಟು ಜನರ ಮುಂದೆ, "ಇದೇನವ್ವ, ಮಕಕ್ಕೆ ಸುಣ್ಣ ಬಳ್ಕಂಡಂಗದೆ!" ಅಂದುಬಿಟ್ಟರು. ಆಲ್ಬಮ್ಮಿನಲ್ಲಿ ಇವತ್ತಿಗೂ ನನ್ನ ಮುಖ ಒಬ್ಬರದು, ಕತ್ತು ಇನ್ನೊಬ್ಬರದು.

ದೊಡ್ಡಮ್ಮ ಹೇಳಿದ್ದು ಹೆಚ್ಚುಕಮ್ಮಿ ಸರಿಯೇ. ಯಾವ ಕಂಪನಿಯ ಫೌಂಡೇಶನ್ ಆದರೂ ಅದರ ಬಣ್ಣ ಬರುವುದು ಮುಖ್ಯವಾಗಿ ನಾಲ್ಕು ಪುಡಿಗಳಿಂದ. ಒಂದು ಬಿಳಿ, ಅದು ಟೈಟಾನಿಯಂ ಡೈಆಕ್ಸೈಡ್. ಗೋಡೆಯ ಬಿಳಿ ಪೇಂಟಿಗೆ ಹಾಕುವುದೂ ಇದನ್ನೇ. ಉಳಿದ ಮೂರು ಹಳದಿ, ಕೆಂಪು ಮತ್ತು ಕಪ್ಪು ಐರನ್ ಆಕ್ಸೈಡ್. ಶೇಡ್ ತೆಳುವಾದಷ್ಟೂ ಬಿಳಿ ಪುಡಿ ಜಾಸ್ತಿ. ಕಂದು ಚರ್ಮದ ಮೇಲೆ ಆ ಬಿಳಿಯ ಪರದೆ ಕೂತರೆ ಕಾಣುವುದು ಬೆಳ್ಳಗಲ್ಲ, ಬೂದಿ. ಅದನ್ನು ಮುಚ್ಚಲು ಇನ್ನೊಂದು ಕೋಟ್ ಹಾಕಿದರೆ ಬೂದಿಯೂ ದಪ್ಪಗಾಗುತ್ತದೆ.

ಇನ್ನೊಂದು ಕಾರಣ ಅಂಡರ್‌ಟೋನ್, ಅಂದರೆ ಚರ್ಮದ ಒಳಬಣ್ಣ. ಹೆಸರು ಕೇಳಿ ಹೆದರಬೇಡಿ, ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ಹೆಣ್ಣು ನೋಡಿ ಬಂದವರು ಬರೀ ಕಪ್ಪು, ಬಿಳಿ ಅನ್ನುತ್ತಿರಲಿಲ್ಲ. ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿ ಬಣ್ಣ ಅನ್ನುತ್ತಿದ್ದರು. (ಆ ಲೆಕ್ಕಾಚಾರ ಯಾಕೆ ಮಾಡುತ್ತಿದ್ದರು ಅನ್ನೋದು ಬೇರೆ ಮಾತು, ಅದು ಬೇಡ ಬಿಡಿ.) ಬಣ್ಣ ಎಷ್ಟು ಗಾಢ ಅನ್ನುವುದು ಒಂದಾದರೆ, ಅದರೊಳಗೆ ಕೆಂಪಿದೆಯೋ ಹಳದಿಯಿದೆಯೋ ಅನ್ನುವುದು ಇನ್ನೊಂದು. ಒಂದೇ ಮನೆಯ ಅಕ್ಕ ತಂಗಿ ಇಬ್ಬರೂ ಕಪ್ಪಗಿದ್ದು, ಒಬ್ಬಳದು ಹಳದಿಯ ಕಡೆ, ಇನ್ನೊಬ್ಬಳದು ಕೆಂಪಿನ ಕಡೆ ಇರಬಹುದು. ಹಳದಿ ಒಳಬಣ್ಣದವರಿಗೆ ಗುಲಾಬಿ ಕಡೆಯ ಫೌಂಡೇಶನ್ ಹಚ್ಚಿದರೆ ಗಾಢತೆ ಸರಿಯಿದ್ದರೂ ಮುಖ ಮಂಕಾಗುತ್ತದೆ.

ಮುಂಗೈಯ ನರ ನೋಡಿ, ಹಸಿರಿದ್ದರೆ ಹೀಗೆ, ನೀಲಿಯಿದ್ದರೆ ಹಾಗೆ ಅಂತ ಒಳಬಣ್ಣ ಹೇಳುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ನಮ್ಮಂಥ ಬಣ್ಣದವರಿಗೆ ನರ ಕಂಡರೆ ತಾನೇ? ಚಿನ್ನ ಒಪ್ಪುತ್ತದೋ ಬೆಳ್ಳಿ ಒಪ್ಪುತ್ತದೋ ಅನ್ನುವುದೂ ಅಷ್ಟೇ. ಹುಟ್ಟಿದಾಗಿನಿಂದ ಕಿವಿಯಲ್ಲಿ ಚಿನ್ನದ ಓಲೆಯನ್ನೇ ನೋಡಿದ ಕಣ್ಣಿಗೆ ಬೆಳ್ಳಿ ಹೇಗೆ ಒಪ್ಪೀತು?

ನಾನು ಮಾಡುವುದು ಹೀಗೆ. ಅಂಗಡಿಗೆ ಹೋಗುವ ದಿನ ಮುಖಕ್ಕೆ ಅರಿಶಿನ ಹಚ್ಚುವುದಿಲ್ಲ. ಎಷ್ಟು ತೊಳೆದರೂ ಅದರ ಹಳದಿ ಸ್ವಲ್ಪ ಉಳಿದು ಲೆಕ್ಕ ತಪ್ಪಿಸುತ್ತದೆ. ಪೌಡರ್ ಕೂಡ ಇಲ್ಲ. ಸಂಜೆ ಬೇಡ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ನಿಮಗೆ ಸರಿ ಅನ್ನಿಸಿದ ಶೇಡ್, ಅದಕ್ಕಿಂತ ಒಂದು ಗಾಢ, ಒಂದು ತೆಳು, ಮೂರರ ಟೆಸ್ಟರ್ ಕೇಳಿ. ಕೈ ಮೇಲೆ ಹಚ್ಚಲು ಬಂದರೆ ಬೇಡ ಅನ್ನಿ, ಕೈಯ ಬಣ್ಣವೇ ಬೇರೆ. ಕೆನ್ನೆಯ ಕೆಳಗಿಂದ ದವಡೆ ದಾಟಿ ಕತ್ತಿನವರೆಗೆ ಮೂರು ಗೆರೆ ಎಳೆಯಿರಿ, ವಿಭೂತಿ ಪಟ್ಟೆ ಇದ್ದ ಹಾಗೆ. ಆಮೇಲೆ ಅಂಗಡಿಯಿಂದ ಹೊರಗೆ ಬನ್ನಿ. ಒಳಗಿನ ಲೈಟಿನಲ್ಲಿ ಎಲ್ಲವೂ ಚೆಂದವೇ. ನಾನಂತೂ ದೇವರಾಜ ಅರಸು ರಸ್ತೆಯ ಫುಟ್‌ಪಾತಿನಲ್ಲಿ ಮರದ ನೆರಳಿಗೆ ನಿಂತು ಪುಟ್ಟ ಕನ್ನಡಿ ಹಿಡಿದು ನೋಡುತ್ತೇನೆ. ಹೋಗೋರು ಬರೋರು ನೋಡ್ತಾರೆ, ನೋಡಲಿ. ಯಾವ ಗೆರೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೋ ಅದೇ ನಿಮ್ಮ ಶೇಡ್. ಆದರೆ ಕೂಡಲೇ ದುಡ್ಡು ಕೊಡಬೇಡಿ. ಕಾಫಿ ಕುಡಿದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಕೆಲವು ಫೌಂಡೇಶನ್ ಗಾಳಿಗೆ, ಮುಖದ ಎಣ್ಣೆಗೆ ಸೇರಿ ಬಣ್ಣ ತಿರುಗುತ್ತವೆ.

ಹಣೆ, ಬಾಯಿಯ ಸುತ್ತ ಕಪ್ಪು ಜಾಸ್ತಿ ಇದ್ದರೂ ಹೋಲಿಸಬೇಕಾದದ್ದು ಕತ್ತಿಗೇ. ಕಣ್ಣ ಕೆಳಗಿನ ಕಪ್ಪಿಗೆ ಬಿಳಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಸುರಿಯಬೇಡಿ, ಅಲ್ಲೂ ಬೂದಿಯೇ ಆಗುವುದು. ಮೊದಲು ಕಿತ್ತಳೆ ಬಣ್ಣದ ಕರೆಕ್ಟರ್ ಚೂರೇ ಚೂರು ತಟ್ಟಿ. ಆ ಕಪ್ಪಿನೊಳಗಿನ ನೀಲಿಯನ್ನು ಕಿತ್ತಳೆ ಅಡಗಿಸುತ್ತದೆ. ಅದರ ಮೇಲೆ ನಿಮ್ಮದೇ ಬಣ್ಣದ ಕನ್ಸೀಲರ್.

ಇನ್ನು ಲಿಪ್‌ಸ್ಟಿಕ್. ಕೆಂಪು ಅಂದರೆ ಒಂದೇ ಕೆಂಪಲ್ಲ. ದೇವರಾಜ ಮಾರ್ಕೆಟ್ಟಿನಲ್ಲಿ ಕುಂಕುಮದ ರಾಶಿಗಳ ಮುಂದೆ ಒಂದು ನಿಮಿಷ ನಿಂತು ನೋಡಿ. ಒಂದು ಇಟ್ಟಿಗೆಯ ಕಡೆ ವಾಲಿರುತ್ತದೆ, ಪಕ್ಕದ್ದು ಬೀಟ್‌ರೂಟಿನ ಕಡೆ. ಒಳಬಣ್ಣ ಹಳದಿಯಾದರೆ ಇಟ್ಟಿಗೆ ಕೆಂಪು, ಕೆಂಪಾದರೆ ದಾಳಿಂಬೆ, ನೇರಳೆಹಣ್ಣಿನ ಬಣ್ಣ ಬೇಗ ಒಪ್ಪುತ್ತವೆ. ಇದು ಶುರು ಮಾಡಲು ಒಂದು ದಾರಿ ಅಷ್ಟೇ, ಮನಸ್ಸು ಬಂದದ್ದು ಹಚ್ಚಿಕೊಂಡರೆ ಯಾರೂ ದಂಡ ಹಾಕುವುದಿಲ್ಲ.

ಎಡವುವುದು 'ನ್ಯೂಡ್' ಅನ್ನುವುದರಲ್ಲಿ, ಅಂದರೆ ಮೈಬಣ್ಣಕ್ಕೆ ಹತ್ತಿರದ ಲಿಪ್‌ಸ್ಟಿಕ್. ಆ ಹೆಸರಿನಲ್ಲಿ ಕೊಡುವುದು ಹೆಚ್ಚಾಗಿ ಬಿಸ್ಕೆಟ್ ಬಣ್ಣ. ನಮಗೆ ಹಚ್ಚಿದರೆ ಜ್ವರ ಬಂದು ಎದ್ದವರ ತುಟಿ. ನಿಮ್ಮ ನ್ಯೂಡ್ ಯಾವುದು ಅಂದರೆ ಬೆಲ್ಲ. ಮಂಡ್ಯದವರಿಗೆ ಬೆಲ್ಲದ ಬಣ್ಣ ಹೇಳಿಕೊಡಬೇಕಾ? ಬೆಳ್ಳಗಾಗಲಿ ಅಂತ ಹೈಡ್ರೋಸ್ ಹಾಕಿದ ಅಚ್ಚಲ್ಲ, ಆಲೆಮನೆಯಿಂದ ಹಾಗೇ ಬಂದ ಕಂದು ಬೆಲ್ಲ. ಚರ್ಮಕ್ಕಿಂತ ಒಂದೆರಡು ಶೇಡ್ ಗಾಢವಾದ ಆ ಕಂದು ನೋಡಿ. ಟೆಸ್ಟರನ್ನು ನೇರ ತುಟಿಗೆ ಮಾತ್ರ ತಾಗಿಸಬೇಡಿ, ಎಷ್ಟು ಜನರ ಬಾಯಿ ಕಂಡಿದೆಯೋ. ಬೆರಳ ತುದಿಗೆ ಹಚ್ಚಿ ನೋಡಿ, ತುಟಿಯ ಬಣ್ಣಕ್ಕೆ ಅದೇ ಹತ್ತಿರ.

ಕಣ್ಣಿಗೆ ತಾಮ್ರದ ಬಣ್ಣ, ಬಾಟಲ್ ಗ್ರೀನ್ ನಿಮಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ಕೆನ್ನೆಗೆ ಹಚ್ಚುವ ಬ್ಲಷ್ ತೆಳು ಗುಲಾಬಿ ಬೇಡ, ಇಟ್ಟಿಗೆ ಅಥವಾ ದ್ರಾಕ್ಷಿಯ ಕಡೆಯದು ಇರಲಿ.

ಮದುವೆ ಅಂದಿರಲ್ಲ, ಅದಕ್ಕೆ ಒಂದು ಮಾತು. ಫೋಟೋದ ಫ್ಲ್ಯಾಶ್ ಬೇರೆಯೇ ಆಟ ಆಡುತ್ತದೆ. ಬಿಳಿ ಪುಡಿಯ ಸನ್‌ಸ್ಕ್ರೀನ್ ಅಂಶವಿರುವ ಫೌಂಡೇಶನ್, ಬಣ್ಣವಿಲ್ಲದ ಸಿಲಿಕಾ ಪೌಡರ್ ಇವೆಲ್ಲ ಫ್ಲ್ಯಾಶ್ ಬಿದ್ದಾಗ ಬೆಳಕನ್ನು ವಾಪಸ್ ಎಸೆದು ಮುಖ ಬಿಳಿಚುವಂತೆ ಮಾಡುತ್ತವೆ. ಹಾಗಾಗಿ ವಾರ ಮುಂಚೆ ಒಂದು ಸಂಜೆ ಪೂರ್ತಿ ಮೇಕಪ್ ಮಾಡಿಕೊಂಡು, ರಿಸೆಪ್ಶನ್ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು, ಲೈಟ್ ಆರಿಸಿ ತಂಗಿಯ ಕೈಲೋ ತಮ್ಮನ ಕೈಲೋ ಫ್ಲ್ಯಾಶ್ ಹಾಕಿ ಫೋಟೋ ತೆಗೆಸಿ. ತಮ್ಮ ನಗುತ್ತಾನೆ. ಮುಖ, ಕತ್ತು ಎರಡೂ ಒಬ್ಬರದೇ ಅನ್ನುವ ಹಾಗಿದ್ದರೆ ಆ ಬಾಟಲಿಯನ್ನೇ ಛತ್ರಕ್ಕೆ ತಗೊಂಡು ಹೋಗಿ.