ಕೆಲಸದಲ್ಲೇ ಕಲಿಯೋದಾ, ಎಂಬಿಎ ಮಾಡೋದಾ? ಗೋಣಿಕೊಪ್ಪದ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ವಿರಾಜಪೇಟೆಲಿ ಬಿಕಾಂ ಮುಗಿಸಿ ಎರಡು ವರ್ಷದಿಂದ ಗೋಣಿಕೊಪ್ಪದಲ್ಲಿ ಒಬ್ರು ಕಾಫಿ ವ್ಯಾಪಾರಿ ಹತ್ರ ಅಕೌಂಟ್ಸ್ ನೋಡ್ಕೊಂಡಿದೀನಿ, ಸಂಬಳ 18 ಸಾವಿರ. ಮನೇಲಿ ಸಾಲ ಮಾಡಿಯಾದ್ರೂ ಎಂಬಿಎ ಮಾಡು ಅಂತಾರೆ. ನಮ್ಮ ಓನರ್ ಮಾತ್ರ, ಕಾಲೇಜಲ್ಲಿ ಏನಿದೆ, ಇಲ್ಲೇ ಇದ್ರೆ ಎಲ್ಲಾ ಕಲೀತೀಯ ಅಂತಾರೆ. ಯಾರ ಮಾತು ಕೇಳ್ಲಿ?

ಉತ್ತರ: ಈ ಪ್ರಶ್ನೆ ಕುಶಾಲನಗರದಿಂದ, ಸೋಮವಾರಪೇಟೆಯಿಂದ, ಮಡಿಕೇರಿ ಕಡೆ ಹೋಂಸ್ಟೇ ನಡೆಸೋ ಮನೆ ಮಕ್ಕಳಿಂದ ಬರ್ತಾನೇ ಇರುತ್ತೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ. ಮೊದ್ಲೇ ಹೇಳ್ಬಿಡ್ತೀನಿ, ಈಗ ಕೆಲಸ ಬಿಟ್ಟು, ಸಾಲ ಮಾಡಿ, ಸೀಟು ಸಿಕ್ತು ಅನ್ನೋ ಒಂದೇ ಕಾರಣಕ್ಕೆ ಯಾವ್ದೋ ಕಾಲೇಜಿಗೆ ಸೇರ್ಬೇಡಿ. ಆದ್ರೆ 'ಇಲ್ಲೇ ಎಲ್ಲಾ ಕಲೀತೀಯ' ಅನ್ನೋ ಮಾತನ್ನೂ ನಾನು ಒಪ್ಪಲ್ಲ.

ನೀವು ಇರೋ ಜಾಗದಲ್ಲಿ ಕಲಿಯೋಕೆ ಏನಿದೆ ಅಂತ ಮೊದ್ಲು ನೋಡಿ. ಬೆಳೆಗಾರರು ರೊಬಸ್ಟಾ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಜಾತಿ ಕಾಫಿ ಹಣ್ಣು, ತಂದಾಗ ಮೂಟೆಯಿಂದ ಸ್ಯಾಂಪಲ್ ತೆಗೆದು, ಸಣ್ಣ ಮಿಷನ್ನಲ್ಲಿ ಸಿಪ್ಪೆ ಬಿಡಿಸಿ, ಬೀಜ ತೂಕ ಮಾಡಿ, ಮಾಯಿಶ್ಚರ್ ನೋಡಿ ಓಟಿ ಹೇಳ್ತಾರಲ್ಲ, ಅಂದ್ರೆ 50 ಕೆಜಿ ಚೆರಿಗೆ ಎಷ್ಟು ಕೆಜಿ ಬೀಜ ಸಿಗುತ್ತೆ ಅನ್ನೋ ಲೆಕ್ಕ. ಒಂದು ಓಟಿಗೆ 200 ರೂಪಾಯಿ ಅಂತ ಇಟ್ಕೊಳ್ಳಿ, 28 ಓಟಿ ಬಂದ ಮೂಟೆಗೆ 5600, 26 ಬಂದ್ರೆ 5200. ಮೂಟೆಗೆ 400 ವ್ಯತ್ಯಾಸ, ನೂರು ಮೂಟೆಗೆ 40 ಸಾವಿರ, ನಿಮ್ಮ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಆ ಎರಡು ಓಟಿ ಎಲ್ಲಿ ಹೋಯ್ತು, ಕಾಯಿ ಹಣ್ಣಾಗೋ ಮುಂಚೆನೇ ಕುಯ್ದಿದ್ರಾ, ಕಣದಲ್ಲಿ ಸರಿಯಾಗಿ ಒಣಗಿಲ್ವಾ, ಬೋರರ್ ಹುಳ ತಿಂದಿದ್ಯಾ, ಇದನ್ನ ಬೀಜ ಕೈಗೆ ತಗೊಂಡು ನೋಡಿ ಹೇಳೋದನ್ನ ಯಾವ ಎಂಬಿಎ ಕ್ಲಾಸಲ್ಲೂ ಕಲಿಸಲ್ಲ. ಮಳೆಗಾಲದಲ್ಲಿ ಯಾರಿಗೆ ಮುಂಗಡ ಕೊಟ್ರೆ ಕುಯ್ಲಿನ ಟೈಮಲ್ಲಿ ಮಾಲು ನಿಮ್ಮ ಅಂಗಡಿಗೇ ಬರುತ್ತೆ, ಎರಡು ರೂಪಾಯಿ ಆಸೆಗೆ ಯಾರು ಪಕ್ಕದವರಿಗೆ ಹಾಕ್ತಾರೆ, ಅದೂ ಅಷ್ಟೇ, ಜನರ ಜೊತೆ ಒಡನಾಡಿಯೇ ಗೊತ್ತಾಗ್ಬೇಕು.

ಆದ್ರೆ ನೀವು ಬರೆದಿರೋದು ಅಕೌಂಟ್ಸ್ ನೋಡ್ಕೊಂಡಿದೀನಿ ಅಂತ. ಸ್ಯಾಂಪಲ್ ತೆಗೆಯೋ ಕಡೆ ನೀವು ಹೋಗೋದೇ ಇಲ್ಲ, ಟ್ಯಾಲಿಗೆ ಎಂಟ್ರಿ ಹಾಕೋದು, ಬಿಲ್ ಕೊಡೋದು, ಜಿಎಸ್‌ಟಿಗೆ ಕಾಗದ ಜೋಡಿಸೋದು ಇಷ್ಟೇ ಆಗಿದ್ರೆ ಹತ್ತು ವರ್ಷ ಆದ್ಮೇಲೂ ನಿಮಗೆ ಗೊತ್ತಿರೋದು ಎಂಟ್ರಿ ಹಾಕೋದೇ. ಓನರ್ ಮಾತು ನಿಜ ಆಗ್ಬೇಕಂದ್ರೆ ಅವರು ನಿಮ್ಮನ್ನ ಖರೀದಿಗೆ ಕೂರಿಸ್ಬೇಕು, ಇವತ್ತು ಯಾಕೆ ಈ ರೇಟ್ ಹಾಕಿದ್ರಿ ಅಂತ ಕೇಳಿದ್ರೆ ಉತ್ತರ ಕೊಡ್ಬೇಕು. ಕೊಡ್ತಾರಾ? ಅವರನ್ನೇ ನೇರವಾಗಿ ಕೇಳಿ, ಇದ್ರಲ್ಲಿ ಸಂಕೋಚ ಏನಿಲ್ಲ.

ಇನ್ನೊಂದು ವಿಷಯ ಇದೆ, ಇದನ್ನ ಯಾರೂ ಜಾಸ್ತಿ ಮಾತಾಡಲ್ಲ, ನನಗೆ ತುಂಬಾ ಮುಖ್ಯ ಅನ್ಸುತ್ತೆ. ಯಾವ ವರ್ಷಗಳಲ್ಲಿ ಕೆಲಸ ಕಲಿತ್ರಿ ಅನ್ನೋದ್ರ ಮೇಲೆ ಅನುಭವದ ಬುದ್ಧಿ ನಿಂತಿರುತ್ತೆ. ವಿಯೆಟ್ನಾಂ ಕಡೆ ಬರ ಬಂದು 2024ರಲ್ಲಿ ಲಂಡನ್ ಮಾರುಕಟ್ಟೆಲಿ ರೊಬಸ್ಟಾ ಟನ್ನಿಗೆ 5000 ಡಾಲರ್ ದಾಟ್ತು. ಆ ಟೈಮಲ್ಲಿ ಈ ವ್ಯಾಪಾರಕ್ಕೆ ಬಂದವರಿಗೆ ಮಾಲು ಹಿಡಿದಿಟ್ಕೊಂಡಷ್ಟೂ ಲಾಭ ಅಂತ ತಲೇಲಿ ಕೂತ್ಬಿಡುತ್ತೆ. ಆದ್ರೆ 2001-02ರಲ್ಲಿ ರೇಟ್ ಎಷ್ಟು ಬಿದ್ದಿತ್ತು ಅಂತ ನಿಮ್ಮ ತಂದೆ ವಯಸ್ಸಿನ ಬೆಳೆಗಾರರನ್ನ ಕೇಳಿ ನೋಡಿ, ಕುಯ್ದ ಕೂಲಿ ಹುಟ್ಟಿದ್ರೆ ಸಾಕು ಅಂತಿದ್ದ ಕಾಲ ಅದು. ಅದಕ್ಕೂ ಹಿಂದೆ, 90ರ ದಶಕದ ಶುರುವಿನ ತನಕ ಮಾಲೆಲ್ಲಾ ಕಾಫಿ ಬೋರ್ಡಿನ ಪೂಲ್‌ಗೇ ಹಾಕ್ಬೇಕಿತ್ತು, ಎಲ್ಲರ ಮಾಲನ್ನೂ ಒಟ್ಟುಮಾಡಿ ಬೋರ್ಡೇ ಮಾರ್ತಿತ್ತು, ಮಾರೋ ಚಿಂತೆನೇ ಬೆಳೆಗಾರರಿಗೆ ಇರ್ಲಿಲ್ಲ. ಒಂದೇ ವ್ಯಾಪಾರ, ಮೂರು ಕಾಲದಲ್ಲಿ ಮೂರು ಪಾಠ. ಎರಡು ವರ್ಷದ ಕೆಲಸದಲ್ಲಿ ಒಂದು ಥರದ ಮಾರುಕಟ್ಟೆ ಮಾತ್ರ ಕಣ್ಣಿಗೆ ಬೀಳುತ್ತೆ.

ಒಳ್ಳೆ ಬಿಸಿನೆಸ್ ಸ್ಕೂಲ್ ಉಪಯೋಗಕ್ಕೆ ಬರೋದು ಇಲ್ಲೇ. ಹಾರ್ವರ್ಡ್‌ನಲ್ಲಿ ಶುರುವಾಗಿ 1961ರಲ್ಲಿ ಹುಟ್ಟಿದ ಅಹಮದಾಬಾದ್ ಐಐಎಂಗೂ ಬಂದ ಕೇಸ್ ಪದ್ಧತಿ ಅಂತ ಇದೆ, ಯಾವ್ದೋ ಕಂಪನಿ ಎದುರಿಸಿದ ನಿಜವಾದ ಸಂಕಟನ ಮುಂದಿಟ್ಟು ನೀವಾಗಿದ್ರೆ ಏನ್ ಮಾಡ್ತಿದ್ರಿ ಅಂತ ಕೇಳ್ತಾರೆ. ಎರಡು ವರ್ಷದಲ್ಲಿ ಹೀಗೆ ನೂರಾರು ಸಂಕಟ ನೋಡ್ತೀರ, ಒಂದೇ ಅಂಗಡಿಲಿ ಕೂತವರಿಗೆ ಜೀವಮಾನದಲ್ಲೂ ಅಷ್ಟು ಸಿಗಲ್ಲ. ಲಂಡನ್‌ನಲ್ಲಿ ರೊಬಸ್ಟಾ ಫ್ಯೂಚರ್ಸ್, ಅಂದ್ರೆ ಮುಂದೆ ಕೊಡೋ ಮಾಲಿಗೆ ಇವತ್ತೇ ರೇಟ್ ಗೊತ್ತು ಮಾಡ್ಕೊಳ್ಳೋ ಒಪ್ಪಂದ, ನಡೆಯುತ್ತೆ, ಒಂದು ಲಾಟ್ ಅಂದ್ರೆ 10 ಟನ್, ಬೆಲೆ ಡಾಲರಲ್ಲಿ, ಅದನ್ನ ಬಳಸ್ಕೊಂಡು ನಾಳೆ ರೇಟ್ ಬಿದ್ರೂ ಮುಳುಗದ ಹಾಗೆ ಹೇಗೆ ನೋಡ್ಕೋಬಹುದು ಅನ್ನೋದು ಗೋಣಿಕೊಪ್ಪದ ಅಂಗಡಿಲಿ ತಾನಾಗೇ ತಿಳಿಯೋ ವಿಷಯ ಅಲ್ಲ.

ಹೋಂಸ್ಟೇ ಮನೆಯವರು ಕೇಳಿದ್ರಲ್ಲ, ಅವರಿಗೊಂದು ಲೆಕ್ಕ. ಸೀಸನ್ನಲ್ಲಿ 3000ಕ್ಕೆ ಹೋಗೋ ರೂಮನ್ನ ಜುಲೈ ಮಳೆಲಿ ಯಾರೋ 1500ಕ್ಕೆ ಕೇಳ್ತಾರೆ. ನಷ್ಟ ಆಗುತ್ತೆ ಬೇಡ ಅಂತ ಎಷ್ಟೋ ಜನ ವಾಪಸ್ ಕಳಿಸ್ತಾರೆ. ಆದ್ರೆ ಬ್ಯಾಂಕ್ ಕಂತು, ಅಡುಗೆಯವರ ಸಂಬಳ ರೂಮ್ ಖಾಲಿ ಇದ್ರೂ ಕೊಡ್ಲೇಬೇಕು, ಗೆಸ್ಟ್ ಬಂದಿದ್ದಕ್ಕೆ ಹೊಸದಾಗಿ ಆಗೋ ಖರ್ಚು ಊಟ, ಬೆಡ್‌ಶೀಟ್ ತೊಳೆಯೋದು, ಆ್ಯಪ್ ಕಮಿಷನ್ ಸೇರಿ 900 ಆಗ್ಬಹುದು, ಅಂದ್ರೆ 600 ಕೈಗೆ ಉಳೀತು. ಕ್ಲಾಸಲ್ಲಿ ಇದನ್ನ ಮೊದಲ ತಿಂಗಳುಗಳಲ್ಲೇ ಹೇಳ್ಕೊಡ್ತಾರೆ. ಆದ್ರೆ ಜುಲೈಲಿ 1500 ಕೊಟ್ಟವರು ಡಿಸೆಂಬರಲ್ಲೂ ಅದೇ ರೇಟ್ ಕೇಳ್ತಾರೆ, ಅವರನ್ನ ಬೇಜಾರಾಗದ ಹಾಗೆ ಒಪ್ಪಿಸೋದು ಹೇಗೆ ಅನ್ನೋದು ಮನೆ ನಡೆಸಿದ ಅಮ್ಮನಿಗೇ ಚೆನ್ನಾಗಿ ಗೊತ್ತು.

ಈಗ ದುಡ್ಡಿನ ಮಾತು. 10 ಲಕ್ಷ ಸಾಲಕ್ಕೆ 10.5 ಪರ್ಸೆಂಟ್ ಬಡ್ಡಿ, 7 ವರ್ಷ ಅಂದ್ರೆ ತಿಂಗಳ ಕಂತು ಹತ್ತಿರತ್ತಿರ 17 ಸಾವಿರ, ಜೊತೆಗೆ ಎರಡು ವರ್ಷ ಬಿಟ್ಟ ಸಂಬಳ ನಾಲ್ಕು ಲಕ್ಷದ ಮೇಲೆ. ಓದಿ ಬಂದ್ಮೇಲೆ 25 ಸಾವಿರದ ಕೆಲಸ ಸಿಕ್ರೆ ಕೈಗೆ ಉಳಿಯೋದು 8 ಸಾವಿರ, ಈಗಿನ ಅರ್ಧನೂ ಇಲ್ಲ. ಸಾಮಾನ್ಯವಾಗಿ 7.5 ಲಕ್ಷ ದಾಟಿದ್ರೆ ಬ್ಯಾಂಕು ಆಸ್ತಿ ಅಡಮಾನ ಕೇಳುತ್ತೆ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಜಮ್ಮಾ ಜಾಗದ, ಅಂದ್ರೆ ಕುಟುಂಬಕ್ಕೆ ತಲೆಮಾರಿನಿಂದ ಬಂದ ಜಾಗದ, ಪಹಣಿ ಇನ್ನೂ ಪಟ್ಟೇದಾರರ, ಅಂದ್ರೆ ಕುಟುಂಬದ ಹಿರಿಯರ, ಹೆಸರಲ್ಲೇ ಇರುತ್ತೆ, ಕುಟುಂಬದವರೆಲ್ಲಾ ಸಹಿ ಹಾಕ್ದೆ ಕೆಲಸ ಆಗಲ್ಲ. ಮನೇಲಿ ಸಾಲ ಮಾಡಿಯಾದ್ರೂ ಅಂದಾಗ ಈ ಲೆಕ್ಕನ ಕಾಗದದಲ್ಲಿ ಬರೆದು ತೋರಿಸಿ, ಅವರ ಆಸೆ ದೊಡ್ಡದು, ಅದನ್ನ ತಳ್ಳಿಹಾಕ್ಬೇಡಿ, ಲೆಕ್ಕ ಮಾತ್ರ ಗೊತ್ತಿರ್ಲಿ.

ಹಾಗಾದ್ರೆ ಎಂಬಿಎ ಯಾವಾಗ ಸರಿ? ಕ್ಯಾಟ್ ಬರೆದು ಐಐಎಂಗೋ ಅಥವಾ ಕಂಪನಿಗಳು ನಿಜವಾಗ್ಲೂ ಕ್ಯಾಂಪಸ್‌ಗೆ ಬರೋ ಕಾಲೇಜಿಗೋ ಸೀಟು ಸಿಕ್ರೆ ಹೋಗಿ. ಐಐಎಂ ಬೆಂಗಳೂರಲ್ಲಿ ಫೀಸು 20 ಲಕ್ಷ ದಾಟುತ್ತೆ, ಆದ್ರೂ ಅಲ್ಲಿಂದ ಬರೋ ಸಂಬಳ ಆ ಸಾಲ ತೀರಿಸುತ್ತೆ, ಅಂಥಾ ಕಾಲೇಜಿಗೆ ಬ್ಯಾಂಕುಗಳೂ ಅಡಮಾನ ಇಲ್ದೆ ಕೊಡೋಕೆ ಮುಂದೆ ಬರ್ತವೆ. ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಸರ್ಕಾರಿ ಯೂನಿವರ್ಸಿಟಿಲಿ ಕಡಿಮೆ ಫೀಸಿಗೆ ಸೀಟು ಸಿಕ್ರೂ ಯೋಚನೆ ಮಾಡ್ಬಹುದು. ಉಳಿದ ಕಡೆ ಹೋಗೋ ಮುಂಚೆ ಹೋದ ವರ್ಷ ಪಾಸಾದವರಲ್ಲಿ ನಾಲ್ಕು ಜನಕ್ಕೆ ಫೋನ್ ಮಾಡಿ ಈಗ ಎಲ್ಲಿದೀರ, ಎಷ್ಟು ಸಂಬಳ ಅಂತ ಕೇಳಿ, ಬ್ರೋಶರ್ ನಂಬ್ಬೇಡಿ.

ಕೆಲಸ ಬಿಡ್ದೇ ಓದೋಕೂ ದಾರಿ ಇದೆ. ಮೈಸೂರಿನ ಮುಕ್ತ ವಿವಿ, ಇಗ್ನೋ ಎರಡರಲ್ಲೂ ದೂರ ಶಿಕ್ಷಣದ ಎಂಬಿಎ ಇದೆ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ಸ್ವಯಂ ಪೋರ್ಟಲ್‌ನಲ್ಲಿ ಐಐಎಂ ಬೆಂಗಳೂರಿನವರ ಪಾಠಗಳು ಉಚಿತವಾಗಿ ಸಿಗ್ತವೆ, ಫೈನಾನ್ಸ್‌ದು ಒಂದು ಮುಗಿಸಿದ್ರೂ ಮೇಲೆ ಹೇಳಿದ ಲೆಕ್ಕಗಳು ಅರ್ಥ ಆಗ್ತವೆ. ಕಾಫಿಲೇ ಇರ್ತೀನಿ ಅನ್ನೋ ಮನಸ್ಸಿದ್ರೆ ಕಾಫಿ ಬೋರ್ಡಿನ ಒಂದು ವರ್ಷದ ಕಾಫಿ ಕ್ವಾಲಿಟಿ ಮ್ಯಾನೇಜ್‌ಮೆಂಟ್ ಪಿಜಿ ಡಿಪ್ಲೊಮಾ ಇದೆ, ಬಿಕಾಂನವರಿಗೆ ಪ್ರವೇಶ ಇದ್ಯಾ ಅಂತ ಮೊದ್ಲು ವಿಚಾರಿಸಿ, ಇದ್ರೆ ನಿಮಗೆ ಸುಮಾರು ಎಂಬಿಎಗಳಿಗಿಂತ ಅದೇ ವಾಸಿ ಅಂತ ನನ್ನ ಅಭಿಪ್ರಾಯ.

ನಿಮಗೆ ಹೇಳೋದಾದ್ರೆ, ಮುಂದಿನ ಕುಯ್ಲಿಗೆ ಸ್ಯಾಂಪಲ್ ಮೇಜಿನ ಹತ್ರ ನಿಲ್ಲಿ, ಮಳೆಗಾಲದಲ್ಲಿ ಅಂಗಡಿ ಸುಮ್ನಿರುವಾಗ ಕ್ಯಾಟ್‌ಗೆ ಓದಿ. ಸುಮಾರು ಐಐಎಂಗಳಲ್ಲಿ ಆಯ್ಕೆ ಮಾಡುವಾಗ ಕೆಲಸದ ಅನುಭವಕ್ಕೂ ಅಂಕ ಇದೆ, ಈ ಎರಡು ವರ್ಷ ವ್ಯರ್ಥ ಆಗಲ್ಲ. ಪರೀಕ್ಷೆ ನವೆಂಬರ್ ಕೊನೇಲಿ ಬರುತ್ತೆ, ರೊಬಸ್ಟಾ ಜೋರಾಗೋದು ಜನವರಿಲಿ, ಹಾಗಾಗಿ ಓನರ್ ಹತ್ರ ರಜೆ ಕೇಳೋಕೂ ಕಷ್ಟ ಆಗಲ್ಲ.