ನೆಲದಿಂದ ಮೊದಲ ಒಂದು ಮೀಟರ್

ಡ್ರೋನ್ ಮೇಲೇರಿ ಹೋದ ಮೇಲೆ ಅಷ್ಟಾಗಿ ಚಿಂತೆ ಇರುವುದಿಲ್ಲ. ಐವತ್ತು ಮೀಟರ್ ಎತ್ತರದಲ್ಲಿ ಅದಕ್ಕೆ ತಾಗುವಂಥದ್ದು ಕಡಿಮೆ. ಗಾಳಿ ತಳ್ಳಿದರೂ ಸರಿಮಾಡಿಕೊಳ್ಳಲು ಜಾಗವಿದೆ, ಸಮಯವೂ ಇದೆ. ಪ್ರೊಪೆಲರ್ ಮುರಿಯುವುದು, ಮೋಟರಿಗೆ ಮಣ್ಣು ನುಗ್ಗುವುದು, ಬೆರಳು ಕುಯ್ದುಕೊಳ್ಳುವುದು, ಈ ಭಯವೆಲ್ಲ ಇರುವುದು ನೆಲದಿಂದ ಒಂದು ಮೀಟರಿನ ಒಳಗೆ. ನಾವು ಡ್ರೋನ್ ಹಿಡಿದು ಹೋಗುವ ಜಾಗಗಳಾದರೂ ಎಂಥವು? ಉತ್ತ ಹೊಲ, ಕೂಳೆ ನಿಂತ ಗದ್ದೆ, ಕೆರೆ ಏರಿ, ಕಲ್ಲುಗುಡ್ಡ. ನೋಡಲು ಚೆಂದದ ಜಾಗಗಳೆಲ್ಲ ಇಳಿಸಲು ಕಷ್ಟದ ಜಾಗಗಳೇ ಅಲ್ವಾ? ಆದರೆ ಡ್ರೋನಿನೊಳಗಿನ ಲೆಕ್ಕಾಚಾರ ನಡೆಯುವುದು ಕೆಳಗಿರುವ ನೆಲ ಸಮ, ಗಟ್ಟಿ, ಖಾಲಿ ಎಂಬ ನಂಬಿಕೆಯ ಮೇಲೆ. ಆ ನಂಬಿಕೆ ಸುಳ್ಳಾಗದಂತೆ ನೋಡಿಕೊಳ್ಳುವುದು ಹಾರಿಸುವವರ ಕೆಲಸ.

ಮೊದಲು ಅದು ಎಬ್ಬಿಸುವ ಗಾಳಿಯನ್ನು ನೋಡೋಣ. 250 ಗ್ರಾಂ ತೂಕದ, ಆರು ಇಂಚಿನ ನಾಲ್ಕು ಪ್ರೊಪೆಲರ್ ಇರುವ ಸಣ್ಣ ಡ್ರೋನ್ ಎಂದಿಟ್ಟುಕೊಳ್ಳಿ. ತನ್ನ ತೂಕವನ್ನು ಎತ್ತಿ ಹಿಡಿಯಬೇಕಾದರೆ ಅದು ಗಾಳಿಯನ್ನು ಸತತವಾಗಿ ಕೆಳಕ್ಕೆ ದೂಡುತ್ತಿರಬೇಕು. ಲೆಕ್ಕ ಹಾಕಿದರೆ ಪ್ರೊಪೆಲರಿನ ಮಟ್ಟದಲ್ಲಿ ಆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 3.7 ಮೀಟರ್. ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಅದು ಇಮ್ಮಡಿಯಾಗುತ್ತದೆ, ಅಂದರೆ ಗಂಟೆಗೆ ಸುಮಾರು 27 ಕಿಲೋಮೀಟರ್. ಅಂಗೈಯಲ್ಲಿ ಹಿಡಿಸುವ ಯಂತ್ರಕ್ಕೆ ಇದು ಕಡಿಮೆ ಗಾಳಿಯಲ್ಲ. ಒಣ ಹೊಲದಲ್ಲಿ ಡ್ರೋನ್ ಎಬ್ಬಿಸುವಾಗ ಬಗ್ಗಿ ನೋಡಿ. ಧೂಳು ಮೊದಲು ಸುತ್ತಲೂ ಬಳೆಯಾಕಾರದಲ್ಲಿ ಹರಡುತ್ತದೆ. ಆದರೆ ಸ್ವಲ್ಪ ಧೂಳು ನಡುವಿನಿಂದ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ನಾಲ್ಕು ಪ್ರೊಪೆಲರುಗಳ ಗಾಳಿ ನೆಲಕ್ಕೆ ಬಡಿದು ಹರಡುವಾಗ ಒಳಮುಖವಾಗಿ ಬಂದ ಪಾಲು ನಡುವೆ ಒಂದಕ್ಕೊಂದು ಡಿಕ್ಕಿಯಾಗುತ್ತದೆ. ಅದಕ್ಕೆ ಹೋಗಲು ಮೇಲಕ್ಕೆ ಬಿಟ್ಟು ಬೇರೆ ದಾರಿಯಿಲ್ಲ. ಹೀಗೆ ಎದ್ದ ಮಣ್ಣು ನೇರ ಹೋಗಿ ತಾಗುವುದು ಡ್ರೋನಿನ ಹೊಟ್ಟೆಗೆ. ಕೆಳಗೆ ನೋಡುವ ಕ್ಯಾಮೆರಾ, ಎತ್ತರ ಅಳೆಯುವ ಸೆನ್ಸರ್ ಎರಡೂ ಇರುವುದು ಅಲ್ಲೇ.

ಅದೇ ಗಾಳಿ ನೆಲದ ಹತ್ತಿರ ಇನ್ನೊಂದು ಕೆಲಸ ಮಾಡುತ್ತದೆ. ಕೆಳಗೆ ಹೋದ ಗಾಳಿಗೆ ನೆಲ ಅಡ್ಡ ಬರುವುದರಿಂದ ಅಷ್ಟೇ ವೇಗದಲ್ಲಿ ತಿರುಗಿದರೂ ಪ್ರೊಪೆಲರ್ ಜಾಸ್ತಿ ಎತ್ತುತ್ತದೆ. ಹೆಲಿಕಾಪ್ಟರುಗಳಿಗಾಗಿ ಇದರ ಒಂದು ಸರಳ ಸೂತ್ರ 1955ರಲ್ಲೇ ಬ್ರಿಟನ್ನಿನಲ್ಲಿ ಸಿದ್ಧವಾಗಿತ್ತು. ಡ್ರೋನಿಗೆ ಅದು ಬರೀ ಅಂದಾಜು ಕೊಡುತ್ತದೆ, ಆದರೆ ವಿಷಯ ಅರ್ಥವಾಗಲು ಅಷ್ಟು ಸಾಕು. ನಮ್ಮ ಆರಿಂಚಿನ ಪ್ರೊಪೆಲರ್ ನೆಲದಿಂದ 8 ಸೆಂಟಿಮೀಟರ್ ಮೇಲಿದ್ದರೆ ಶೇ. 6ರಷ್ಟು ಹೆಚ್ಚು ಎತ್ತುತ್ತದೆ. 4 ಸೆಂಟಿಮೀಟರ್ ಮೇಲಿದ್ದರೆ ಶೇ. 29ರಷ್ಟು. ಈಗ ಉತ್ತ ಹೊಲದಲ್ಲಿ ಡ್ರೋನಿನ ಒಂದು ಬದಿ ಮಣ್ಣಿನ ಹೆಂಟೆಯ ಮೇಲೂ ಇನ್ನೊಂದು ಬದಿ ಸಾಲಿನ ಗುಂಡಿಯ ಮೇಲೂ ಇದೆ ಅಂದುಕೊಳ್ಳಿ. ನಾಲ್ಕೂ ಮೋಟರ್ ಒಂದೇ ವೇಗದಲ್ಲಿ ತಿರುಗಿದರೂ ಒಂದು ಬದಿ ಮೊದಲು ಎದ್ದುಬಿಡುತ್ತದೆ. ಹಾರುವ ಮೊದಲೇ ಡ್ರೋನ್ ಪಕ್ಕಕ್ಕೆ ವಾಲುವುದಕ್ಕೆ ಇದೂ ಒಂದು ಕಾರಣ.

ಇದಕ್ಕಿಂತ ಕೆಟ್ಟದ್ದು ಕಾಲು ಸಿಕ್ಕಿಕೊಳ್ಳುವುದು. ಗರಿಕೆಯ ಬಳ್ಳಿಯೋ ಕೂಳೆಯ ಕಡ್ಡಿಯೋ ಒಂದು ಕಾಲನ್ನು ಹಿಡಿದರೆ ಡ್ರೋನ್ ಮೇಲೇಳುವ ಬದಲು ಆ ಕಾಲಿನ ಸುತ್ತ ತಿರುಗಿ ಮಗುಚುತ್ತದೆ. ಹೆಲಿಕಾಪ್ಟರ್ ಓಡಿಸುವವರಿಗೂ ಇದು ಚೆನ್ನಾಗಿ ಗೊತ್ತಿರುವ ಅಪಾಯ. ಡ್ರೋನಿನಲ್ಲಿ ಕಂಪ್ಯೂಟರ್ ಇದನ್ನು ಇನ್ನಷ್ಟು ಹೆಚ್ಚಿಸುತ್ತದೆ. ವಾಲಿದ್ದು ಕಂಡರೆ ಸರಿಮಾಡುವುದು ಅದರ ಸ್ವಭಾವ. ಸರಿಯಾಗದೇ ಇದ್ದರೆ ತಳ್ಳುವ ಬಲವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತಾ ಹೋಗುತ್ತದೆ. ಬಿಗಿದ ಬಾಗಿಲನ್ನು ಭುಜ ಕೊಟ್ಟು ನೂಕುತ್ತಿರುವಾಗ ಅದು ತಟ್ಟನೆ ತೆರೆದರೆ ನಾವು ಒಳಗೆ ಮುಗ್ಗರಿಸುತ್ತೇವಲ್ಲ, ಹಾಗೆಯೇ ಕಾಲು ಬಿಟ್ಟುಕೊಂಡ ಕ್ಷಣ ಡ್ರೋನ್ ಎದುರು ಬದಿಗೆ ಎಗರುತ್ತದೆ. ಈಗಿನ ಸಾಫ್ಟ್‌ವೇರುಗಳು ನೆಲದ ಮೇಲಿರುವಾಗ ಈ ಕೂಡಿಕೆಗೆ ಮಿತಿ ಹಾಕುತ್ತವೆ, ಆದರೂ ಪೂರ್ತಿ ತಪ್ಪುವುದಿಲ್ಲ. ಭಯಪಟ್ಟುಕೊಂಡು ರಿಮೋಟಿನ ಸ್ಟಿಕ್ಕನ್ನು ನಿಧಾನಕ್ಕೆ ಎತ್ತುವವರ ಡ್ರೋನೇ ಜಾಸ್ತಿ ಮಗುಚುವುದು ಇದಕ್ಕೇ. ಅರ್ಧ ಎದ್ದು ಅರ್ಧ ಕೂತ ಸ್ಥಿತಿಯಲ್ಲಿ ಕಳೆಯುವ ಹೊತ್ತು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು.

ಇನ್ನು ಡ್ರೋನಿನ ಕಣ್ಣು ಕಿವಿಗಳ ವಿಷಯ. ಮೇಲಿರುವಾಗ ಎತ್ತರ ತಿಳಿಯಲು ಅದು ಗಾಳಿಯ ಒತ್ತಡವನ್ನು ಅಳೆಯುತ್ತದೆ. ಒಂದು ಮೀಟರ್ ಮೇಲೇರಿದರೆ ಒತ್ತಡ ಸುಮಾರು 12 ಪಾಸ್ಕಲ್ ಇಳಿಯುತ್ತದೆ, ಅಷ್ಟೇ. ಆದರೆ ಗಂಟೆಗೆ 27 ಕಿಲೋಮೀಟರ್ ವೇಗದ ಗಾಳಿ ಎದುರಿಗೆ ಬಡಿದರೆ ಅದರ ಒತ್ತಡವೇ 34 ಪಾಸ್ಕಲ್. ಅಂದರೆ ನೆಲಕ್ಕೆ ಬಡಿದು ಮರಳಿದ ತನ್ನದೇ ಗಾಳಿ ಸೆನ್ಸರಿಗೆ ತಾಗಿದರೆ ಎತ್ತರದ ಲೆಕ್ಕ ಮೀಟರುಗಟ್ಟಲೆ ತಪ್ಪಬಹುದು. ಅದಕ್ಕೇ ಆ ಸೆನ್ಸರಿನ ಮೇಲೆ ಸ್ಪಂಜಿನ ತುಂಡು ಅಂಟಿಸಿರುತ್ತಾರೆ. ನೆಲ ಹತ್ತಿರ ಬಂದಾಗ ಡ್ರೋನ್ ಬೇರೆ ಸೆನ್ಸರುಗಳನ್ನು ನಂಬುತ್ತದೆ. ಇನ್‌ಫ್ರಾರೆಡ್ ಬೆಳಕು ಅಥವಾ ಶಬ್ದವನ್ನು ಕೆಳಗೆ ಬಿಟ್ಟು ಅದು ಮರಳುವ ಸಮಯದಿಂದ ದೂರ ತಿಳಿಯುತ್ತದೆ. ಕ್ಯಾಮೆರಾದಲ್ಲಿ ನೆಲದ ಗುರುತುಗಳು ಎತ್ತ ಸರಿಯುತ್ತಿವೆ ಎಂದು ನೋಡಿ ತಾನು ಎತ್ತ ಸರಿಯುತ್ತಿದ್ದೇನೆ ಎಂದು ತಿಳಿಯುತ್ತದೆ. ಎತ್ತರದ ಹುಲ್ಲು ಇವೆರಡನ್ನೂ ಮೋಸ ಮಾಡುತ್ತದೆ. ಒಂದು ಸಲ ಹುಲ್ಲಿನ ತುದಿ ಸಿಕ್ಕರೆ ಇನ್ನೊಂದು ಸಲ ಬುಡದ ಮಣ್ಣು ಸಿಕ್ಕು ಎತ್ತರ ಏರುಪೇರಾಗುತ್ತದೆ. ಪ್ರೊಪೆಲರಿನ ಗಾಳಿಗೆ ಹುಲ್ಲು ತೂಗಿದರೆ ತಾನೇ ಸರಿಯುತ್ತಿದ್ದೇನೆ ಅಂದುಕೊಂಡು ಡ್ರೋನ್ ಹುಲ್ಲಿನ ಹಿಂದೆ ಹೋಗುತ್ತದೆ. ನೀರಿನ ಮೇಲೂ ಹೀಗೆಯೇ. ಒಂದೇ ಬಣ್ಣದ ಮರಳಿನ ಮೇಲಂತೂ ನೋಡಿಕೊಳ್ಳಲು ಗುರುತೇ ಇರುವುದಿಲ್ಲ.

ಮರಳು ಏನು ಮಾಡಬಲ್ಲದು ಎಂಬುದಕ್ಕೆ ಮಂಗಳ ಗ್ರಹದಲ್ಲೇ ಒಂದು ಉದಾಹರಣೆ ಇದೆ. ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರ್ 2021ರ ಏಪ್ರಿಲ್ 19ರಂದು ಅಲ್ಲಿ ಮೊದಲ ಬಾರಿ ಹಾರಿತು. ಐದು ಹಾರಾಟಕ್ಕೆಂದು ಕಳಿಸಿದ್ದು 72 ಸಲ ಹಾರಿತು. 2024ರ ಜನವರಿ 18ರ ಕೊನೆಯ ಹಾರಾಟದಲ್ಲಿ ಅದು ಹನ್ನೆರಡು ಮೀಟರ್ ಎತ್ತರಕ್ಕಷ್ಟೇ ಏರಿ ಇಳಿಯತೊಡಗಿತ್ತು. ಕೆಳಗಿದ್ದದ್ದು ನುಣುಪು ಮರಳಿನ ಅಲೆಗಳು. ಅದರ ಕ್ಯಾಮೆರಾವನ್ನು ಸಿದ್ಧಪಡಿಸಿದ್ದು ಕಲ್ಲುಹರಳು ಹರಡಿದ ಸಮತಟ್ಟು ನೆಲಕ್ಕೆ. ಗುರುತುಗಳು ಸಾಕಷ್ಟು ಸಿಗದೆ ಅಡ್ಡ ವೇಗದ ಲೆಕ್ಕ ತಪ್ಪಿತು. ಪಕ್ಕಕ್ಕೆ ಜಾರುತ್ತಲೇ ಹೋಗಿ ಮರಳಿನ ಇಳಿಜಾರಿಗೆ ಬಡಿಯಿತು. ಆ ಹೊಡೆತಕ್ಕೆ ಇಡೀ ಯಂತ್ರ ಥಟ್ಟನೆ ಓಲಿತು, ತಿರುಗುತ್ತಿದ್ದ ರೆಕ್ಕೆಗಳು ಅದನ್ನು ತಡೆಯಲಾರದೆ ಮುರಿದವು. ಇದು ತನಿಖೆ ಮಾಡಿದ ಎಂಜಿನಿಯರುಗಳು ಕೊಟ್ಟ ವಿವರಣೆ. ನಮ್ಮ ಹೊಲದ ಮೇಲಿನ ಡ್ರೋನ್ ಸರಿಯುವುದು ಗೊತ್ತಾಗುವ ರೀತಿಯೂ ಇದೇ, ಗೊತ್ತಾಗದೆ ಕೆಡುವ ರೀತಿಯೂ ಇದೇ.

ಕಣ್ಣಿಗೆ ಕಾಣದ ಇನ್ನೊಂದು ತೊಡಕು ಕಬ್ಬಿಣ. ದಿಕ್ಕು ತಿಳಿಯಲು ಡ್ರೋನಿನಲ್ಲಿ ಪುಟ್ಟ ದಿಕ್ಸೂಚಿ ಇರುತ್ತದೆ. ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ, ತೀರಾ ದುರ್ಬಲ. ಆರ್‌ಸಿಸಿ ಚಾವಣಿಯ ಕಂಬಿ, ಕಾರಿನ ಬಾನೆಟ್, ಚರಂಡಿಯ ಕಬ್ಬಿಣದ ಮುಚ್ಚಳ, ಯಾವುದು ಬೇಕಾದರೂ ಅದನ್ನು ಕೆಡಿಸಬಹುದು. ಸಮತಟ್ಟಾಗಿದೆ ಅಂತ ಕಾರಿನ ಮೇಲಿಂದ ಹಾರಿಸುವವರನ್ನು ಕಂಡರೆ ನನಗೆ ತಡೆಯಬೇಕು ಅನಿಸುತ್ತದೆ. ಫೋನಿನ ದಿಕ್ಸೂಚಿ ಆ್ಯಪ್ ತೆರೆದು ಎದೆಯ ಮಟ್ಟದಿಂದ ನೆಲದವರೆಗೆ ಮೆಲ್ಲಗೆ ಇಳಿಸಿ ನೋಡಿ. ಮುಳ್ಳು ತಿರುಗಿದರೆ ಆ ಜಾಗ ಬೇಡ. ಹಾಗೆಯೇ ಮರಳಿನ ಜಾಗವಾದರೆ ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮರಳಿನಲ್ಲಿ ಎಳೆಯಿರಿ. ಕಪ್ಪು ಪುಡಿ ಮೀಸೆಯಂತೆ ಅಂಟಿಕೊಂಡರೆ ಅದೇ ಪುಡಿ ಮೋಟರಿನೊಳಗಿನ ಅಯಸ್ಕಾಂತಕ್ಕೂ ಅಂಟುತ್ತದೆ. ಅಲ್ಲಿರುವ ಸಂದು ಕೂದಲೆಳೆಯಷ್ಟು. ಸಣ್ಣ ಡ್ರೋನುಗಳ ಮೋಟರಿಗೆ ಮುಚ್ಚಳವೇ ಇರುವುದಿಲ್ಲ.

ಹಾಗಾದರೆ ಎಲ್ಲಿ ಇಡಬೇಕು? ಹಳ್ಳಿಯಲ್ಲಿ ನನ್ನ ಮೊದಲ ಆಯ್ಕೆ ಕಣ. ಸಗಣಿ ಸಾರಿಸಿದ ಕಣದಷ್ಟು ಸಮವಾದ, ಧೂಳಿಲ್ಲದ, ಗಟ್ಟಿ ನೆಲ ಸುತ್ತಮುತ್ತ ಇನ್ನೊಂದು ಸಿಗುವುದಿಲ್ಲ. ಗುಡ್ಡದ ಮೇಲಾದರೆ ಹಾಸುಬಂಡೆ. ಅದರ ಮೇಲಿನ ಕಲೆ, ಪಾಚಿ, ಬಿರುಕುಗಳೆಲ್ಲ ಕ್ಯಾಮೆರಾಕ್ಕೆ ಒಳ್ಳೆಯ ಗುರುತುಗಳು. ಆದರೆ ದೊಡ್ಡ ಬಂಡೆಯ ಮರೆಯಲ್ಲಿ ಇಡಬೇಡಿ. ಬೀಸುವ ಗಾಳಿ ಬಂಡೆ ದಾಟಿ ಅಲ್ಲಿ ಸುಳಿ ಸುತ್ತುತ್ತಿರುತ್ತದೆ. ಎರಡೂ ಇಲ್ಲದಿದ್ದರೆ ನಿಮ್ಮ ಜೊತೆ ನೆಲವನ್ನೇ ಒಯ್ಯಬೇಕು. ಮಡಚುವ ಲ್ಯಾಂಡಿಂಗ್ ಪ್ಯಾಡ್ ಸಿಗುತ್ತದೆ, ಆದರೆ ಅದು ಹಗುರ. ಗೂಟ ಹೊಡೆಯದಿದ್ದರೆ ಡ್ರೋನಿನ ಗಾಳಿಗೆ ಅದೇ ಎದ್ದು ಪ್ರೊಪೆಲರಿಗೆ ಸಿಕ್ಕುತ್ತದೆ. ಕಾರಿನ ರಬ್ಬರ್ ಮ್ಯಾಟ್ ಅಥವಾ ಒಂದು ಪ್ಲೈವುಡ್ ಹಲಗೆ ಇದಕ್ಕಿಂತ ವಾಸಿ. ಹಲಗೆಯ ಕೆಳಗೆ ಕಲ್ಲು ಕೊಟ್ಟು ಮಟ್ಟ ಮಾಡಿಕೊಳ್ಳಬಹುದು. ಗೋಣಿಚೀಲ ಮಾತ್ರ ಬೇಡ, ಅದರ ನಾರಿನ ಎಳೆ ಕಾಲಿಗೂ ಪ್ರೊಪೆಲರಿಗೂ ಸುತ್ತಿಕೊಳ್ಳುತ್ತದೆ. ಮನೆಯಿಂದ ಹೊರಡುವ ಮೊದಲೇ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ನೋಡಿಕೊಳ್ಳಿ.

ಬ್ಯಾಟರಿ ಆನ್ ಮಾಡಿದ ಮೇಲೆ ಡ್ರೋನನ್ನು ಅಲುಗಿಸಬಾರದು. ಆ ಕೆಲವು ಸೆಕೆಂಡುಗಳಲ್ಲಿ ಅದು ‘ಅಲುಗಾಟವಿಲ್ಲ’ ಎಂದರೆ ಏನೆಂದು ಕಲಿತುಕೊಳ್ಳುತ್ತದೆ. ಇಳಿಜಾರು ಜಾಸ್ತಿಯಿದ್ದರೆ ಕೆಲವು ಡ್ರೋನುಗಳು ಮೋಟರನ್ನೇ ಶುರು ಮಾಡುವುದಿಲ್ಲ. ಬೀಟಾಫ್ಲೈಟ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಮಿತಿ ಸಾಮಾನ್ಯವಾಗಿ 25 ಡಿಗ್ರಿ. ಡ್ರೋನಿನ ಬೆನ್ನು ನಿಮ್ಮ ಕಡೆಗಿರಲಿ, ಗಾಳಿ ಬರುವ ದಿಕ್ಕಿನಲ್ಲಿ ಮೂರ್ನಾಲ್ಕು ಮೀಟರ್ ದೂರ ನಿಲ್ಲಿ. ಥ್ರಾಟಲ್ (ಡ್ರೋನ್ ಏರಿಳಿಸುವ ಸ್ಟಿಕ್) ಒಂದೇ ಸಲಕ್ಕೆ, ಅಳುಕಿಲ್ಲದೆ ಕೊಟ್ಟು ತಲೆಯ ಎತ್ತರ ದಾಟಿಸಿ ಅಲ್ಲಿ ಸುಮ್ನೆ ನಿಲ್ಲಿಸಿ. ನಿಂತಲ್ಲಿ ನಿಲ್ಲದೆ ಸುತ್ತು ಹಾಕುತ್ತಾ ಹೋದರೆ ದಿಕ್ಸೂಚಿ ಕೆಟ್ಟಿದೆ ಎಂದು ಅರ್ಥ, ಕೂಡಲೇ ಇಳಿಸಬೇಕು.

ಇಳಿಸುವಾಗ ಗಡಿಬಿಡಿ ಬೇಡ. ನೇರ ಕೆಳಕ್ಕೆ ಜೋರಾಗಿ ಇಳಿದರೆ ಡ್ರೋನ್ ತಾನೇ ದೂಡಿದ ಗಾಳಿಯೊಳಗೆ ಹೊಕ್ಕು ಹಿಡಿತ ತಪ್ಪಿ ನಡುಗುತ್ತದೆ. ನಮ್ಮ ಸಣ್ಣ ಡ್ರೋನಿಗೆ ಸೆಕೆಂಡಿಗೆ ಮೂರು ಮೀಟರ್ ಮುಟ್ಟಿದರೆ ಆ ಅಪಾಯ ಶುರು. ಸ್ವಲ್ಪ ಮುಂದಕ್ಕೆ ಸರಿಸುತ್ತಾ ಇಳಿಸಿದರೆ ಹೊಸ ಗಾಳಿ ಸಿಗುತ್ತದೆ. ಎರಡು ಮೀಟರಿಗೆ ಬಂದಾಗ ನಿಲ್ಲಿಸಿ, ಓಲಾಟ ನಿಂತ ಮೇಲೆ ಮೆಲ್ಲಗೆ ಇಳಿಸಿ. ಕಾಲು ತಾಗಿದ ಕೂಡಲೇ ಥ್ರಾಟಲ್ ಪೂರ್ತಿ ಕೆಳಗೆ. ಇಳಿಜಾರಿನಲ್ಲಿ ಮೋಟರ್ ತಿರುಗುತ್ತಲೇ ಇದ್ದರೆ ಡ್ರೋನ್ ಮಟ್ಟವಾಗಲು ಗುದ್ದಾಡಿ ಪುಟಿಯುತ್ತದೆ. ಹೊರಟ ಜಾಗಕ್ಕೆ ತಾನಾಗಿ ಮರಳಿಸುವ ಗುಂಡಿಯನ್ನು ಇಂಥ ಜಾಗದಲ್ಲಿ ನಂಬಬಾರದು, ಜಿಪಿಎಸ್ ಕೆಲವು ಮೀಟರ್ ಆಚೀಚೆ ಇಳಿಸಬಹುದು. ಆ ಕೆಲವು ಮೀಟರಿನಲ್ಲೇ ಬದು ಇರುತ್ತದೆ, ಬೇಲಿಯೂ ಇರುತ್ತದೆ. ಬ್ಯಾಟರಿ ಶೇ. 30 ಇರುವಾಗಲೇ ಇಳಿಸಲು ಶುರುಮಾಡಿದರೆ, ಸರಿಬರದಿದ್ದಾಗ ಮತ್ತೆ ಮೇಲೆತ್ತಿ ಇನ್ನೊಂದು ಸಲ ನೋಡಬಹುದು.

ನೆಲ ಸರಿಯಿಲ್ಲ ಅಂತ ಕೈಯಲ್ಲೇ ಹಿಡಿಯುವವರು ಬಹಳ. ಆರಿಂಚಿನ ಪ್ರೊಪೆಲರ್ ನಿಮಿಷಕ್ಕೆ 8000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 230 ಕಿಲೋಮೀಟರ್. ಪಕ್ಕದಿಂದ ಒಂದು ಗಾಳಿ ಬೀಸಿದರೆ ಸಾಕು. ದೋಣಿಯ ಮೇಲೆ, ಬೇರೆ ದಾರಿಯೇ ಇಲ್ಲದ ಕಡೆ, ಕನ್ನಡಕ ಹಾಕಿ ಕೈಯನ್ನು ಮುಖದಿಂದ ದೂರ ಚಾಚಿ ಹಿಡಿಯುವುದನ್ನು ಒಪ್ಪಬಹುದು. ಮಕ್ಕಳ ಕೈಗೆ ಮಾತ್ರ ಎಂದೂ ಕೊಡಬೇಡಿ.

ಇಷ್ಟೆಲ್ಲ ಮಾಡಿಯೂ ಮಗುಚಿತು ಅನ್ನಿ. ಮೊದಲು ಮೋಟರ್ ನಿಲ್ಲಿಸಿ. ಹುಲ್ಲಿಗೆ ಸಿಕ್ಕಿ ತಿರುಗಲಾರದ ಮೋಟರ್ ವಿಪರೀತ ಕರೆಂಟ್ ಎಳೆದು ತಾನೂ ಸುಡುತ್ತದೆ, ಅದನ್ನು ನಡೆಸುವ ಸರ್ಕ್ಯೂಟನ್ನೂ ಸುಡುತ್ತದೆ. ಹತ್ತಿರ ಹೋದ ಮೇಲೆ ಮೊದಲು ಬ್ಯಾಟರಿ ತೆಗೆಯಿರಿ. ಆಮೇಲೆ ಪ್ರತಿ ಪ್ರೊಪೆಲರಿನ ಅಂಚಿನ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ತಡೆಯುವಷ್ಟು ಸಣ್ಣ ಸೀಳಿದ್ದರೂ ಆ ಪ್ರೊಪೆಲರ್ ಬದಲಿಸಬೇಕು. ಮೋಟರನ್ನು ಕೈಯಲ್ಲಿ ತಿರುಗಿಸಿ. ಕರಕರ ಸದ್ದು ಬಂದರೆ ಒಳಗೆ ಮಣ್ಣಿದೆ. ಊದಿ, ಬ್ರಶ್ ಹಾಕಿ, ನಾಲ್ಕೂ ಒಂದೇ ಸಮ ತಿರುಗುವವರೆಗೆ ಮತ್ತೆ ಹಾರಿಸಬೇಡಿ.