ತಡವಾಗಿ ಬಂದವರನ್ನು ಬೈಯುವ ಮೊದಲು

"ಇಷ್ಟು ದಿನ ಏನ್ಮಾಡ್ತಿದ್ರಿ? ಮೊದಲೇ ಬರಬೇಕಿತ್ತು ಅಲ್ವಾ?" ಕಾಯಿಲೆ ಬಲಿತ ಮೇಲೆ ಆಸ್ಪತ್ರೆಗೆ ಬಂದವರು ವೈದ್ಯರಿಂದ ಬಹಳ ಸಲ ಮೊದಲು ಕೇಳುವ ಮಾತು ಇದೇ. ತಪ್ಪು ರೋಗಿಯದೇ ಅಂತ ಆಸ್ಪತ್ರೆಯವರಾದ ನಾವು ಆಗಲೇ ತೀರ್ಮಾನಿಸಿರುತ್ತೇವೆ. ಆದರೆ ಹೀಗೆ ತಡವಾಗಿ ಬರುವವರು ಯಾರು ಅಂತ ಗಮನಿಸಿ. ದಿನಗೂಲಿಯವರು, ಬೇರೆ ಕಡೆಯಿಂದ ವಲಸೆ ಬಂದವರು, ಆಸ್ಪತ್ರೆಯವರು ಆಡುವ ಭಾಷೆ ಬಾರದವರು, ಹುಟ್ಟಿದ ಸಮುದಾಯದ ಕಾರಣಕ್ಕೇ ತಾತ್ಸಾರಕ್ಕೆ ಒಳಗಾದವರು. ಅಸಡ್ಡೆ ಎಲ್ಲ ಕಡೆಯೂ ಇರುತ್ತದೆ. ತಡವಾಗುವುದು ಮಾತ್ರ ಇವರಿಗೇ ಜಾಸ್ತಿ.

1994ರಲ್ಲಿ ಸೆರೀನ್ ತಡ್ಡಿಯಸ್ ಮತ್ತು ಡೆಬೊರಾ ಮೈನ್ ಎಂಬ ಇಬ್ಬರು ಸಂಶೋಧಕಿಯರು ಹೆರಿಗೆಗೆ ಸಂಬಂಧಿಸಿದ ಸಾವುಗಳ ಬಗ್ಗೆ ಬರೆಯುತ್ತಾ ಈ ತಡವನ್ನು ಮೂರಾಗಿ ಬಿಡಿಸಿ ತೋರಿಸಿದರು. ಆಸ್ಪತ್ರೆಗೆ ಹೋಗೋಣ ಅಂತ ಮನಸ್ಸು ಮಾಡುವುದರಲ್ಲಿ ಆಗುವ ತಡ ಒಂದು. ದಾರಿಯಲ್ಲಿ ಆಗುವ ತಡ ಇನ್ನೊಂದು. ಆಸ್ಪತ್ರೆಯ ಒಳಗೆ ಬಂದ ಮೇಲೂ ಸರಿಯಾದ ಚಿಕಿತ್ಸೆ ಸಿಗುವವರೆಗೆ ಆಗುವ ತಡ ಮೂರನೆಯದು. ಮೊದಲನೆಯದರ ಹೊಣೆಯನ್ನು ರೋಗಿಯ ಮೇಲೆ ಹೊರಿಸುತ್ತೇವೆ, ಎರಡನೆಯದನ್ನು ರಸ್ತೆಯ ಮೇಲೆ. ಮೂರನೆಯದು ನಮ್ಮದೇ. ಅದರ ಬಗ್ಗೆಯೇ ನಾವು ಮಾತಾಡುವುದು ಕಡಿಮೆ.

ಒಳಗೆ ಏನಾಗುತ್ತದೆ ನೋಡಿ. ಭಾಷೆ ಬಾರದ ತಾಯಿ ಹತ್ತು ವರ್ಷದ ಮಗನನ್ನು ಕರೆದುಕೊಂಡು ಬರುತ್ತಾಳೆ. ಮಾತು ದಾಟಿಸುವವನು ಅವನೇ. ರಕ್ತಸ್ರಾವ ಆಗುತ್ತಿದೆ ಅಂತ ಮಗನ ಬಾಯಲ್ಲಿ ಹೇಳಿಸುವುದು ಹೇಗೆ? ಅವಳು "ಹೊಟ್ಟೆ ನೋವು" ಅಂತಷ್ಟೇ ಹೇಳುತ್ತಾಳೆ. ಚೀಟಿಯಲ್ಲೂ ಅಷ್ಟೇ ಬರೆಯುತ್ತೇವೆ. ಮಾತ್ರೆ ಕೊಟ್ಟು ಕಳಿಸುತ್ತೇವೆ. ಮುಂದಿನ ಸಲ ಬರುವ ಹೊತ್ತಿಗೆ ಮೈಯಲ್ಲಿ ರಕ್ತವೇ ಇರುವುದಿಲ್ಲ. ಆಗ ಮತ್ತೆ ಅದೇ ಬೈಗುಳ, ಮೊದಲೇ ಯಾಕೆ ಬರಲಿಲ್ಲ ಅಂತ. ಅವಳು ಮೊದಲೇ ಬಂದಿದ್ದಳಲ್ಲ!

ಭಾಷೆಯ ಮಾತು ಹಾಗಿರಲಿ. ನಾವು ಕಣ್ಣುಮುಚ್ಚಿ ನಂಬುವ ಯಂತ್ರಗಳೂ ಎಲ್ಲರನ್ನೂ ಒಂದೇ ರೀತಿ ಅಳೆಯುವುದಿಲ್ಲ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಲೆಕ್ಕ ಹಾಕುತ್ತದೆ. ಚರ್ಮದ ಕಪ್ಪು ಬಣ್ಣವೂ ಆ ಬೆಳಕನ್ನು ಹೀರುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಯಂತ್ರ ಆಮ್ಲಜನಕ ಶೇಕಡಾ 92ರಿಂದ 96 ಅಂತ ತೋರಿಸುತ್ತಿದ್ದ ರೋಗಿಗಳ ರಕ್ತವನ್ನು ನೇರವಾಗಿ ಪರೀಕ್ಷಿಸಿದ ಫಲಿತಾಂಶ ನೋಡಿದರು. ಕಪ್ಪು ವರ್ಣದವರಲ್ಲಿ ನೂರಕ್ಕೆ ಸುಮಾರು 12 ಜನರಿಗೆ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿತ್ತು. ಬಿಳಿಯರಲ್ಲಿ ಆ ಸಂಖ್ಯೆ 4ರ ಆಸುಪಾಸು. ಕೋವಿಡ್ ಹಾವಳಿಯಲ್ಲಿ ಯಾರಿಗೆ ಹಾಸಿಗೆ, ಯಾರಿಗೆ ಆಕ್ಸಿಜನ್ ಅಂತ ತೀರ್ಮಾನಿಸಲು ಜಗತ್ತಿನಾದ್ಯಂತ ವೈದ್ಯರು ಇದೇ ಅಂಕಿ ನೋಡುತ್ತಿದ್ದರು. ಆ ಯಂತ್ರದ ಮುಂದೆ ಕೂತ ರೋಗಿ ಎಷ್ಟೇ ಜಾಗ್ರತೆಯಿಂದ ಇದ್ದರೂ ಏನು ಮಾಡಲು ಸಾಧ್ಯವಿತ್ತು?

ಚರ್ಮದ ಕಾಯಿಲೆಗಳದ್ದೂ ಇದೇ ಕತೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಹೆಚ್ಚಿನವು ಬಿಳಿ ಚರ್ಮದವು. ಅಲ್ಲಿ ಕೆಂಪಗೆ ಎದ್ದು ಕಾಣುವ ಗುಳ್ಳೆ ಕಪ್ಪು ಮೈಯಲ್ಲಿ ಕಂದು ಅಥವಾ ನೇರಳೆ ಛಾಯೆಯಲ್ಲಿ ಇರಬಹುದು. ಅದನ್ನು ನೋಡಿ ರೂಢಿಯಿಲ್ಲದ ಕಣ್ಣಿಗೆ ಅದು ಕಾಣುವುದೇ ಇಲ್ಲ.

ವೇಲ್ಸ್‌ನ ಗಣಿ ಊರಿನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಹೇಳಿದ್ದರು: ಎಲ್ಲಿ ಒಳ್ಳೆಯ ಚಿಕಿತ್ಸೆಯ ಅಗತ್ಯ ಜಾಸ್ತಿಯೋ ಅಲ್ಲೇ ಅದು ಸಿಗುವುದು ಕಡಿಮೆ. ಚಿಕಿತ್ಸೆಯನ್ನು ಮಾರುಕಟ್ಟೆಗೆ ಬಿಟ್ಟಷ್ಟೂ ಇದು ಹೆಚ್ಚುತ್ತದೆ ಅಂತಲೂ ಅವರು ಎಚ್ಚರಿಸಿದ್ದರು. ಅರ್ಧ ಶತಮಾನ ಕಳೆದರೂ ಆ ಮಾತು ಹಳತಾಗಿಲ್ಲ ಅನ್ನುವುದು ನನಗೆ ತೀರಾ ನೋವಿನ ಸಂಗತಿ.

ಸರ್ಕಾರಗಳು ಮಾಡಬೇಕಾದ ದೊಡ್ಡ ಕೆಲಸಗಳು ಇದ್ದೇ ಇವೆ. ಆದರೆ ಅದಕ್ಕೆ ಕಾಯದೆ ಆಸ್ಪತ್ರೆಗಳೇ ಶುರು ಮಾಡಬಹುದಾದದ್ದೂ ಬಹಳ ಇದೆ. ಮಾತು ದಾಟಿಸಲು ತರಬೇತಿ ಪಡೆದವರು ಬೇಕು, ಕೊನೇಪಕ್ಷ ಫೋನಿನಲ್ಲಾದರೂ ಸಿಗಬೇಕು. ಕೂಲಿ ಬಿಟ್ಟು ಬರಲಾಗದವರಿಗೆ ಸಂಜೆಯ ಹೊರರೋಗಿ ವಿಭಾಗ ಬೇಕು. ಯಂತ್ರದ ಅಂಕಿ ಸರಿಯಿದ್ದರೂ ರೋಗಿ ಏದುಸಿರು ಬಿಡುತ್ತಿದ್ದರೆ ಅಂಕಿ ಬಿಟ್ಟು ರೋಗಿಯನ್ನು ನಂಬಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಲೆಕ್ಕ ಇಡುವುದು. ನೋವಿನ ಇಂಜೆಕ್ಷನ್‌ಗೆ ಯಾರು ಎಷ್ಟು ಹೊತ್ತು ಕಾದರು, ಎರಡನೇ ಭೇಟಿಗೆ ಯಾರು ಬರಲೇ ಇಲ್ಲ ಅನ್ನುವುದನ್ನು ಭಾಷೆ, ಬಡಾವಣೆ, ಸಮುದಾಯವಾರು ಬಿಡಿಸಿ ತಿಂಗಳಿಗೊಮ್ಮೆ ನೋಡಬೇಕು. ಒಟ್ಟು ಸರಾಸರಿ ಮಾತ್ರ ನೋಡುತ್ತಿದ್ದರೆ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ.